ಮೂರು ನಿಮಿಷಗಳ ಅಹವಾಲು

2013ನೆಯ ಇಸವಿಯ ಜನವರಿ 28ರಂದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ರಾಜಧಾನಿ ಹಾರ್ಟ್‌ಫರ್ಡ್‌ನಲ್ಲಿ ಶಾಸನಸಭೆಯ ಕಟ್ಟಡದ ಮುಂದೆ ಜನರ ಉದ್ದನೆಯ ಸಾಲು ನಿಂತಿತ್ತು. ಪ್ರತಿಯೊಬ್ಬರೂ ಲೋಹಶೋಧಕ ಯಂತ್ರವನ್ನು ದಾಟಿ ಒಳಗೆ ಹೋಗಬೇಕಾಗಿತ್ತು. ಒಳಗೆ ಶಾಸಕರ ಸಮಿತಿಯೊಂದು ಕುಳಿತಿತ್ತು. ಕೋವಿಗಳ ಮೇಲಿನ ಕಾನೂನನ್ನು ಬಿಗಿಗೊಳಿಸಬೇಕೇ, ಬೇಡವೇ ಎಂಬುದರ ಬಗ್ಗೆ ಸಾರ್ವಜನಿಕರ ಅಹವಾಲನ್ನು ಕೇಳುವುದು ಆ ದಿನದ ಕಾರ್ಯಕ್ರಮ. ಬೆಳಗ್ಗೆ ಆರಂಭವಾದ ವಿಚಾರಣೆ ರಾತ್ರಿಯಾದರೂ ಮುಗಿಯಲಿಲ್ಲ.

ಅದಕ್ಕೆ ಕೇವಲ ಆರೂವರೆ ವಾರಗಳ ಹಿಂದೆ, 2012ರ ಡಿಸೆಂಬರ್ 14ರಂದು, ಅದೇ ರಾಜ್ಯದ ನ್ಯೂಟೌನ್ ಎಂಬ ಊರಿನ ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಗೆ ನುಗ್ಗಿದ ಯುವಕನೊಬ್ಬ 20 ಮಕ್ಕಳನ್ನೂ 6 ಮಂದಿ ಶಾಲಾ ಸಿಬ್ಬಂದಿಯನ್ನೂ ಗುಂಡಿಟ್ಟು ಕೊಂದಿದ್ದನು. ಮಕ್ಕಳೆಲ್ಲರೂ ಒಂದನೆಯ ತರಗತಿಯವರು, ಆರೇಳು ವರ್ಷದವರು. ಕೊಲೆಗಾರನು ಹಿಡಿದು ಬಂದ ಕೋವಿ ಕಳ್ಳ ಮಾಲಲ್ಲ. ಅವನ ತಾಯಿ ಕಾನೂನುಬದ್ಧವಾಗಿ ಕೊಂಡಿದ್ದುದು. ಶಾಲೆಗೆ ಹೊರಡುವ ಮೊದಲು ಅವನು ಆ ತಾಯಿಯನ್ನೂ ಮನೆಯಲ್ಲಿ ಕೊಂದಿದ್ದನು. ಯುದ್ಧಮಾದರಿಯ ಕೋವಿಗಳ ಮೇಲೆ ಕನೆಕ್ಟಿಕಟ್‌ನಲ್ಲಿ 1993ರಿಂದಲೇ ನಿಷೇಧವಿತ್ತು. ಆದರೆ ಆ ನಿಷೇಧದ ವ್ಯಾಖ್ಯೆಯೊಳಗೆ ಈ ಕೋವಿ ಸಿಲುಕಲಿಲ್ಲ.

ಅಂದಿನ ವಿಚಾರಣೆಯಲ್ಲಿ ಮಾತನಾಡಿದವರಲ್ಲಿ ಇಬ್ಬರು ತಂದೆಯರಿದ್ದರು. ಇಬ್ಬರೂ ಆ ಶಾಲೆಯಲ್ಲಿ ಆರು ವರ್ಷದ ಗಂಡುಮಗುವನ್ನು ಕಳೆದುಕೊಂಡವರು. ಮೊದಲನೆಯವರು ನೀಲ್ ಹೆಸ್ಲಿನ್. ಮಗನ ಭಾವಚಿತ್ರವನ್ನು ಜೊತೆಗೆ ತಂದು ಅವರು ಸಮಿತಿಯ ಮುಂದೆ ಕುಳಿತರು. ಇಂತಹ ಯುದ್ಧಮಾದರಿಯ ಕೋವಿ ಸಾಮಾನ್ಯ ನಾಗರಿಕನಿಗೆ ಯಾಕೆ ಬೇಕು ಎಂಬುದಕ್ಕೆ ಒಂದಾದರೂ ಕಾರಣವನ್ನು ಈ ಕೋಣೆಯಲ್ಲಿರುವ ಯಾರಾದರೂ ಹೇಳಬಲ್ಲಿರಾ ಎಂದು ಕೇಳಿದರು. ಕ್ಷಣಕಾಲ ಯಾರೂ ಮಾತನಾಡಲಿಲ್ಲ. ಬಳಿಕ ಸಭಿಕರ ನಡುವಿನಿಂದ ಕೆಲವರು ಸಂವಿಧಾನದ ಎರಡನೆಯ ತಿದ್ದುಪಡಿಯ ಹೆಸರನ್ನು ಕೂಗಿ ಹೇಳಿದರು. ಶಾಂತವಾಗಿರದಿದ್ದರೆ ಕೋಣೆಯನ್ನು ಖಾಲಿ ಮಾಡಿಸಬೇಕಾದೀತೆಂದು ಅಧ್ಯಕ್ಷಪೀಠದಿಂದ ಎಚ್ಚರಿಕೆ ಬಂತು. ಮಗುವನ್ನು ಕಳೆದುಕೊಂಡ ತಂದೆಯನ್ನು ಹೀಯಾಳಿಸಿದರೆಂದು ಕೆಲವು ಪತ್ರಿಕೆಗಳು ಬರೆದವು. ಅವರೇ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟದ್ದಷ್ಟೇ ಎಂದು ಇನ್ನು ಕೆಲವರು ವಾದಿಸಿದರು.

ಎರಡನೆಯ ತಂದೆ ಮಾರ್ಕ್ ಮ್ಯಾಟಿಯೋಲಿ. ಅವರ ಅಭಿಪ್ರಾಯ ಇದಕ್ಕೆ ನೇರ ವಿರುದ್ಧ. ಕೋವಿಗಳ ಬಗ್ಗೆ ಇರುವ ಕಾನೂನುಗಳೇ ಬೇಕಾದಷ್ಟಿವೆ, ಅವುಗಳನ್ನು ಸರಿಯಾಗಿ ಜಾರಿಗೊಳಿಸಿದರೆ ಸಾಕು. ಮಾನಸಿಕ ಆರೋಗ್ಯದ ಕಡೆಗೆ, ವ್ಯಕ್ತಿಯ ಹೊಣೆಗಾರಿಕೆಯ ಕಡೆಗೆ ಗಮನ ಹರಿಯಲಿ ಎಂಬುದು ಅವರ ಮಾತಿನ ಸಾರ. ಆ ಮಾತಿಗೆ ಸಭೆಯಲ್ಲಿ ಜೋರಾದ ಚಪ್ಪಾಳೆ ಬಂತು.

ಒಂದೇ ಶಾಲೆ, ಒಂದೇ ದಿನ, ಒಂದೇ ಬಗೆಯ ನಷ್ಟ. ಆದರೂ ಇಬ್ಬರು ತಂದೆಯರು ಎರಡು ಬೇರೆ ಬೇರೆ ಕಾನೂನುಗಳನ್ನು ಬೇಡಿದರು. ಇಬ್ಬರ ಮಾತೂ ಒಂದೇ ದಾಖಲೆಯಲ್ಲಿ ಸೇರಿತು. ಸಾರ್ವಜನಿಕ ಅಹವಾಲು ಎಂದರೆ ಏನೆಂಬುದನ್ನು ಅರಿಯಲು ಈ ಒಂದು ದಿನದ ಕಲಾಪವೇ ಸಾಕು. ದುಃಖಕ್ಕೆ ಅಲ್ಲಿ ಗೌರವವುಂಟು. ಆದರೆ ಯಾವ ಕಾನೂನು ಬೇಕೆಂಬುದನ್ನು ದುಃಖವೊಂದೇ ನಿರ್ಣಯಿಸಲಾರದು.

ಅಮೆರಿಕದ ಶಾಸನಸಭೆಗಳಲ್ಲಿ ಮಸೂದೆಯೊಂದು ಸದನದ ಮತಕ್ಕೆ ಬರುವ ಮೊದಲು ಸಾಮಾನ್ಯವಾಗಿ ಸಮಿತಿಯ ಕೈಯನ್ನು ದಾಟಬೇಕು. ಸಮಿತಿ ದಿನ ಗೊತ್ತುಪಡಿಸಿ ವಿಚಾರಣೆ ನಡೆಸುತ್ತದೆ. ವಾಷಿಂಗ್ಟನ್‌ನ ರಾಷ್ಟ್ರೀಯ ಕಾಂಗ್ರೆಸ್ಸಿನಲ್ಲಿ ಸಮಿತಿಯ ಆಹ್ವಾನ ಬಂದವರು ಮಾತ್ರ ಸಾಕ್ಷಿಗಳು. ಅವರು ತಮ್ಮ ಹೇಳಿಕೆಯನ್ನು ಮುಂಚಿತವಾಗಿ ಬರೆದು ಸಲ್ಲಿಸಿ, ಸುಮಾರು ಐದು ನಿಮಿಷ ಮಾತನಾಡಿ, ಬಳಿಕ ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ರಾಜ್ಯಗಳಲ್ಲಿ ಬಾಗಿಲು ಇನ್ನಷ್ಟು ಅಗಲ. ಬಹುತೇಕ ರಾಜ್ಯಗಳಲ್ಲಿ ಹೆಸರು ನೋಂದಾಯಿಸಿದ ಯಾವ ನಿವಾಸಿಯೂ ಸಮಿತಿಯ ಮುಂದೆ ಹೋಗಿ ಕುಳಿತುಕೊಳ್ಳಬಹುದು, ವಕೀಲನನ್ನು ಇಟ್ಟುಕೊಳ್ಳಬೇಕಾಗಿಲ್ಲ. ಕನೆಕ್ಟಿಕಟ್‌ನಲ್ಲಿ ಒಬ್ಬರಿಗೆ ಸಿಗುವ ಕಾಲಾವಕಾಶ ಮೂರು ನಿಮಿಷ. ಮಾತನಾಡಲಾಗದವರು ಬರವಣಿಗೆಯಲ್ಲಿ ಸಲ್ಲಿಸಬಹುದು. ಅದಕ್ಕೂ ದಾಖಲೆಯಲ್ಲಿ ಸ್ಥಾನವಿದೆ.

ಮೂರು ನಿಮಿಷವೆಂದರೆ ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಮಕ್ಕಳಿಗೆ ಕೊಡುವಷ್ಟೇ ಹೊತ್ತು. ಅಷ್ಟರಲ್ಲಿ ಒಬ್ಬನು ತಾನು ಯಾರು, ಯಾವ ಮಸೂದೆಯ ಬಗ್ಗೆ ಮಾತನಾಡುತ್ತಿದ್ದಾನೆ, ಅದರ ಪರವೋ ವಿರುದ್ಧವೋ, ಯಾಕೆ ಎಂಬುದನ್ನು ಹೇಳಿ ಮುಗಿಸಬೇಕು. ಆದುದರಿಂದ ಒಳ್ಳೆಯ ಸಾಕ್ಷ್ಯ ಚಿಕ್ಕದಾಗಿರುತ್ತದೆ ಮತ್ತು ಒಂದೇ ಸಂಗತಿಗೆ ಅಂಟಿಕೊಂಡಿರುತ್ತದೆ.

ಇಲ್ಲಿ ಅಮೆರಿಕಕ್ಕೂ ಭಾರತಕ್ಕೂ ಇರುವ ಮೂಲ ವ್ಯತ್ಯಾಸವೊಂದನ್ನು ಗಮನಿಸಬೇಕು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ಎಂಬುದು ಹಕ್ಕಲ್ಲ, ಪರವಾನಗಿಯ ಮೇಲೆ ಸಿಗುವ ಅನುಮತಿ. ಕಾಡುಹಂದಿಯ ಉಪಟಳದಿಂದ ತೋಟವನ್ನು ಉಳಿಸಿಕೊಳ್ಳಲು ಕೋವಿ ಇಟ್ಟುಕೊಂಡಿರುವ ಕೃಷಿಕನಿಗೆ ಅದನ್ನು ಚುನಾವಣೆಯ ಕಾಲದಲ್ಲಿ ಠಾಣೆಗೆ ಒಪ್ಪಿಸುವ ರೂಢಿ ಚೆನ್ನಾಗಿ ಗೊತ್ತು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಅದನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ಎತ್ತಿಹಿಡಿಯಿತು. ಆದರೆ ಅದೂ ಸರಕಾರ ಕೊಟ್ಟ ವಿನಾಯಿತಿಯೇ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ 1791ರಲ್ಲಿ ಸೇರಿಸಲಾದ ಸಂವಿಧಾನದ ಎರಡನೆಯ ತಿದ್ದುಪಡಿ ಶಸ್ತ್ರ ಹೊಂದುವ ಹಕ್ಕನ್ನು ಜನರಿಗೆ ಕೊಟ್ಟಿದೆ. ಅದು ವ್ಯಕ್ತಿಯೊಬ್ಬನ ಸ್ವಂತ ಹಕ್ಕೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 2008ರ ಹೆಲ್ಲರ್ ಪ್ರಕರಣದಲ್ಲಿ 5–4ರ ಬಹುಮತದಿಂದ ಹೇಳಿತು. ಆದುದರಿಂದ ಹಾರ್ಟ್‌ಫರ್ಡ್‌ನ ಸಾಲಿನಲ್ಲಿ ನಿಂತಿದ್ದ ಕೋವಿಯ ಒಡೆಯನೂ ತನ್ನ ಸಂವಿಧಾನದ ಹಕ್ಕಿಗಾಗಿಯೇ ನಿಂತಿದ್ದನು. ಇದನ್ನು ಮರೆತರೆ ಅಲ್ಲಿಯ ಜಗಳ ನಮಗೆ ಅರ್ಥವಾಗದು.

ಹಾರ್ಟ್‌ಫರ್ಡ್‌ನ ವಿಚಾರಣೆ ನಡೆದ ಎರಡು ದಿನಗಳಲ್ಲಿ, ಜನವರಿ 30ರಂದು, ವಾಷಿಂಗ್ಟನ್‌ನಲ್ಲಿ ಸೆನೆಟ್ ನ್ಯಾಯ ಸಮಿತಿ ಸೇರಿತು. ಅಲ್ಲಿ ಮೊದಲು ಮಾತನಾಡಿದವರು ಕಾಂಗ್ರೆಸ್ಸಿನ ಮಾಜಿ ಸದಸ್ಯೆ ಗ್ಯಾಬ್ರಿಯಲ್ ಗಿಫರ್ಡ್ಸ್. 2011ರ ಜನವರಿ 8ರಂದು ಅರಿಜೋನಾದ ಟೂಸಾನ್‌ನಲ್ಲಿ ಮತದಾರರೊಡನೆ ಮಾತನಾಡುತ್ತಿದ್ದಾಗ ಅವರ ತಲೆಗೆ ಗುಂಡು ತಗಲಿತ್ತು. ಆರು ಮಂದಿ ಸತ್ತಿದ್ದರು. ಅಂದಿನಿಂದ ಅವರಿಗೆ ಮಾತು ಕಷ್ಟ. ಒಂದೊಂದೇ ಪದವನ್ನು ಪ್ರಯಾಸದಿಂದ ಉಚ್ಚರಿಸುತ್ತ, ಮಕ್ಕಳು ಸಾಯುತ್ತಿದ್ದಾರೆ, ಧೈರ್ಯ ತಂದುಕೊಂಡು ಏನಾದರೂ ಮಾಡಿ ಎಂಬ ಅರ್ಥದ ಕೆಲವೇ ವಾಕ್ಯಗಳನ್ನು ಅವರು ಹೇಳಿದರು.

ಆದರೆ ವಕೀಲನಾದವನು ಆ ದಿನದ ದಾಖಲೆಯಲ್ಲಿ ಗುರುತು ಹಾಕಿಕೊಳ್ಳುವ ಮಾತು ಅವರ ಪತಿ, ಗಗನಯಾತ್ರಿಯಾಗಿದ್ದ ಮಾರ್ಕ್ ಕೆಲ್ಲಿಯವರದು. ಟೂಸಾನ್‌ನ ಕೊಲೆಗಾರನ ಪಿಸ್ತೂಲಿಗೆ 33 ಗುಂಡುಗಳನ್ನು ಹಿಡಿಸುವ ಮ್ಯಾಗಝಿನ್ ಜೋಡಿಸಲಾಗಿತ್ತು. ಅದು ಖಾಲಿಯಾಗಿ ಇನ್ನೊಂದನ್ನು ತುಂಬಲು ಹೊರಟಾಗಲೇ ಜನ ಅವನನ್ನು ನೆಲಕ್ಕೆ ಕೆಡವಿದರು. ಕೆಲ್ಲಿ ಹೇಳಿದುದಿಷ್ಟು: ಅಂದು ಒಂಬತ್ತು ವರ್ಷದ ಬಾಲಕಿಯೊಬ್ಬಳು ಸತ್ತದ್ದು ಹದಿಮೂರನೆಯ ಗುಂಡಿಗೆ. ಆ ಮ್ಯಾಗಝಿನ್ ಹತ್ತೇ ಗುಂಡುಗಳದ್ದಾಗಿದ್ದರೆ ಅವಳು ಬದುಕಿರುತ್ತಿದ್ದಳು.

ಇದು ಸಾಕ್ಷ್ಯ. ಸಮಿತಿಯ ಮುಂದಿದ್ದ ಪ್ರಸ್ತಾವಗಳಲ್ಲಿ ಹತ್ತಕ್ಕಿಂತ ಹೆಚ್ಚು ಗುಂಡುಗಳ ಮ್ಯಾಗಝಿನ್‌ಗೆ ತಡೆ ಹಾಕುವುದೂ ಒಂದು. ಕೆಲ್ಲಿಯವರು ತಮ್ಮ ಸಂಕಟವನ್ನು ತಂದು ಆ ಒಂದು ಅಂಕೆಯ ಪಕ್ಕದಲ್ಲಿ ಇಟ್ಟರು. ಪಳಗಿದ ಕೈ ಎರಡು ಕ್ಷಣದಲ್ಲಿ ಮ್ಯಾಗಝಿನ್ ಬದಲಿಸೀತು, ದುಷ್ಟನು ಈ ನಿಯಮವನ್ನು ಪಾಲಿಸುವವನಲ್ಲ ಎಂದು ವಿರೋಧಿಗಳು ಉತ್ತರಿಸಬಹುದು, ಉತ್ತರಿಸಿಯೂ ಇದ್ದಾರೆ. ಆದರೆ ಚರ್ಚೆಗೆ ಒಂದು ನೆಲೆ ಸಿಕ್ಕಿತು. ಶಾಸಕನು ಒಪ್ಪಲಿ, ಬಿಡಲಿ, ಆ ಅಂಕೆಯನ್ನು ದಾಟಿ ಹೋಗುವಂತಿಲ್ಲ.

ಇದೇ ಬಗೆಯ ಸಾಕ್ಷ್ಯವನ್ನು ಎದುರು ಪಕ್ಷದಿಂದ ನುಡಿದವರೂ ಇದ್ದಾರೆ. 1991ರ ಅಕ್ಟೋಬರ್ 16ರಂದು ಟೆಕ್ಸಸ್ ರಾಜ್ಯದ ಕಿಲೀನ್ ಪಟ್ಟಣದ ಊಟದ ಹೋಟೆಲೊಂದರಲ್ಲಿ ಒಬ್ಬನು 23 ಮಂದಿಯನ್ನು ಕೊಂದನು. ತಂದೆತಾಯಿಯರೊಡನೆ ಊಟಕ್ಕೆ ಬಂದಿದ್ದ ಸುಝಾನಾ ಹಪ್ ಎಂಬವರ ಕಣ್ಣೆದುರಿನಲ್ಲೇ ಅದು ನಡೆಯಿತು. ಅವರ ಬಳಿ ಸ್ವಂತ ರಿವಾಲ್ವರ್ ಇತ್ತು; ಆದರೆ ಅದು ಹೊರಗೆ ನಿಲ್ಲಿಸಿದ ಕಾರಿನಲ್ಲಿತ್ತು. ಚೀಲದಲ್ಲಿ ಅಡಗಿಸಿ ಒಯ್ಯುವುದು ಅಂದಿನ ಟೆಕ್ಸಸ್ ಕಾನೂನಿಗೆ ವಿರುದ್ಧವಾದ್ದರಿಂದ ಅವರು ಅದನ್ನು ಅಲ್ಲಿಯೇ ಬಿಟ್ಟಿದ್ದರು. ಕೊಲೆಗಾರನನ್ನು ತಡೆಯಲು ಮುನ್ನುಗ್ಗಿದ ತಂದೆ ಸತ್ತರು. ಗಂಡನನ್ನು ಬಿಟ್ಟು ಓಡಲೊಪ್ಪದ ತಾಯಿಯೂ ಸತ್ತರು. ಮುಂದಿನ ವರ್ಷಗಳಲ್ಲಿ ಹಪ್ ಅವರು ಅನೇಕ ಶಾಸಕ ಸಮಿತಿಗಳ ಮುಂದೆ ಕುಳಿತು, ಕಾನೂನಿಗೆ ತಲೆಬಾಗಿದ್ದಕ್ಕೆ ತಾವು ತೆತ್ತ ಬೆಲೆ ಇದು ಎಂದು ಹೇಳಿದರು. ಪರವಾನಗಿ ಪಡೆದವರು ಕೋವಿಯನ್ನು ಅಡಗಿಸಿ ಒಯ್ಯಬಹುದೆಂಬ ಕಾನೂನು 1995ರಲ್ಲಿ ಟೆಕ್ಸಸ್‌ನಲ್ಲಿ ಬಂತು. ಮರುವರ್ಷ ಅವರೇ ಶಾಸಕಿಯಾಗಿ ಆಯ್ಕೆಯಾದರು.

ಕೆಲ್ಲಿ ಮತ್ತು ಹಪ್ ಬೇಡಿದ ಕಾನೂನುಗಳು ಒಂದಕ್ಕೊಂದು ವಿರುದ್ಧ. ಆದರೆ ಬೇಡಿದ ರೀತಿ ಒಂದೇ. ಏನಾಯಿತು, ಕಾನೂನಿನ ಯಾವ ಗೆರೆ ಅದಕ್ಕೆ ಕಾರಣವಾಯಿತು, ಆ ಗೆರೆಯನ್ನು ಎಲ್ಲಿಗೆ ಸರಿಸಬೇಕು ಎಂಬ ಮೂರನ್ನೂ ಇಬ್ಬರೂ ಬಿಡಿಸಿ ಹೇಳಿದರು.

ಕನೆಕ್ಟಿಕಟ್‌ನಲ್ಲಿ ಮುಂದೇನಾಯಿತು? ಅದು ಕೋವಿ ತಯಾರಿಕೆಯ ಹಳೆಯ ನಾಡು. ಕೋಲ್ಟ್ ಕಂಪೆನಿ ಹುಟ್ಟಿದ್ದು ಹಾರ್ಟ್‌ಫರ್ಡ್‌ನಲ್ಲಿಯೇ. ಮಾರ್ಚ್ ತಿಂಗಳ ಇನ್ನೊಂದು ವಿಚಾರಣೆಯ ದಿನ ಆ ಕಂಪೆನಿ ಕಾರ್ಖಾನೆಯನ್ನು ಮುಚ್ಚಿ ನೂರಾರು ಕಾರ್ಮಿಕರನ್ನು ಬಸ್ಸುಗಳಲ್ಲಿ ಶಾಸನಸಭೆಗೆ ಕರೆತಂದಿತು. ತಮ್ಮ ಅನ್ನದ ಪ್ರಶ್ನೆಯನ್ನು ಅವರೂ ಮುಂದಿಟ್ಟರು. ಕೊನೆಗೆ ಏಪ್ರಿಲ್ 4ರಂದು ರಾಜ್ಯಪಾಲ ಡ್ಯಾನೆಲ್ ಮಲ್ಲೋಯ್ ಸಹಿ ಹಾಕಿದ ಕಾನೂನು ಹತ್ತಕ್ಕಿಂತ ಹೆಚ್ಚು ಗುಂಡುಗಳ ಮ್ಯಾಗಝಿನ್‌ಗಳ ಮಾರಾಟವನ್ನು ನಿಲ್ಲಿಸಿತು. ಯುದ್ಧಮಾದರಿಯ ಕೋವಿಯ ವ್ಯಾಖ್ಯೆಯನ್ನು ಬಿಗಿಗೊಳಿಸಿತು. ಪ್ರತಿಯೊಂದು ಕೋವಿಯ ಮಾರಾಟಕ್ಕೂ ಕೊಳ್ಳುವವನ ಹಿನ್ನೆಲೆ ತಪಾಸಣೆಯನ್ನು ಕಡ್ಡಾಯ ಮಾಡಿತು. ಜನರ ಬಳಿ ಮೊದಲೇ ಇದ್ದ ದೊಡ್ಡ ಮ್ಯಾಗಝಿನ್‌ಗಳನ್ನು ಕಿತ್ತುಕೊಳ್ಳದೆ ನೋಂದಾಯಿಸಲು ಹೇಳಿತು. ಶಾಲೆಗಳ ಭದ್ರತೆ ಮತ್ತು ಮಾನಸಿಕ ಆರೋಗ್ಯಕ್ಕೆ ಸಂಬಂಧಿಸಿದ ಅಂಶಗಳೂ ಅದೇ ಕಾನೂನಿನಲ್ಲಿದ್ದವು. ಮೇಲ್ಮನೆಯಲ್ಲಿ 26–10, ಕೆಳಮನೆಯಲ್ಲಿ 105–44 ಮತಗಳಿಂದ, ಎರಡೂ ಪಕ್ಷಗಳ ಸದಸ್ಯರ ಬೆಂಬಲದಿಂದ ಅದು ಅಂಗೀಕಾರವಾಗಿತ್ತು. ಹೆಸ್ಲಿನ್ ಕೇಳಿದ್ದರಲ್ಲಿ ಬಹಳಷ್ಟು ಬಂತು. ಮ್ಯಾಟಿಯೋಲಿ ಹೇಳಿದ್ದೂ ಪೂರ್ತಿ ವ್ಯರ್ಥವಾಗಲಿಲ್ಲ.

ವಾಷಿಂಗ್ಟನ್‌ನಲ್ಲಿ ಫಲ ಬೇರೆಯಾಯಿತು. ಕೋವಿ ಮೇಳಗಳಲ್ಲಿಯೂ ಅಂತರ್ಜಾಲದಲ್ಲಿಯೂ ನಡೆಯುವ ಮಾರಾಟಕ್ಕೆ ಹಿನ್ನೆಲೆ ತಪಾಸಣೆಯನ್ನು ವಿಸ್ತರಿಸುವ ತಿದ್ದುಪಡಿಗೆ 2013ರ ಏಪ್ರಿಲ್ 17ರಂದು ಸೆನೆಟ್ಟಿನಲ್ಲಿ 54 ಮತಗಳು ಬಿದ್ದವು. ಮುಂದುವರಿಯಲು 60 ಬೇಕಾಗಿದ್ದವು. ಆಗ ಪ್ರೇಕ್ಷಕರ ಮೊಗಸಾಲೆಯಿಂದ ಮಹಿಳೆಯೊಬ್ಬರು, ನಿಮಗೆ ನಾಚಿಕೆಯಾಗಬೇಕು ಎಂದು ಕೂಗಿದರು. ಅವರು ಪೆಟ್ರೀಷಿಯಾ ಮೈಶ್. ಟೂಸಾನ್‌ನಲ್ಲಿ ಕೊಲೆಗಾರನ ಕೈಯಿಂದ ಎರಡನೆಯ ಮ್ಯಾಗಝಿನನ್ನು ಕಸಿದುಕೊಂಡವರು. ಸೆನೆಟ್ಟಿನ ಮೊಗಸಾಲೆಯಲ್ಲಿ ಬಾಯಿ ತೆರೆಯುವ ಹಕ್ಕು ಪ್ರೇಕ್ಷಕರಿಗಿಲ್ಲ. ಕಾವಲಿನವರು ಅವರನ್ನು ಹೊರಗೆ ಕರೆದೊಯ್ದರು. ಕೊಲೆಗಾರನನ್ನು ತಡೆಯಲು ನೆರವಾದ ಕೈಗೂ ಸದನದಲ್ಲಿ ಮತವಿಲ್ಲ. ಪ್ರಜೆಯ ಮಾತಿಗೆ ಅಧಿಕೃತ ಸ್ಥಾನವಿರುವುದು ಸಮಿತಿಯ ಕೋಣೆಯಲ್ಲಿ ಮಾತ್ರ. ಆ ಕೋಣೆ ಎಷ್ಟು ಅಮೂಲ್ಯವೆಂಬುದಕ್ಕೆ ಬೇರೆ ನಿದರ್ಶನ ಬೇಕಾಗಿಲ್ಲ.

ಹಾಗಾದರೆ ಗಿಫರ್ಡ್ಸ್ ಪಟ್ಟ ಪ್ರಯಾಸವೆಲ್ಲ ವ್ಯರ್ಥವೇ? ಅದೇ ಜನವರಿ 30ರ ಕಲಾಪದ ಇನ್ನೊಂದು ಪ್ರಸಂಗವನ್ನು ನೋಡಿದರೆ ಹಾಗೆನ್ನಲಾಗದು. ಕೋವಿದಾರರ ದೊಡ್ಡ ಸಂಘಟನೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ ವೇಯ್ನ್ ಲಾಪಿಯೆರ್, ಹಿನ್ನೆಲೆ ತಪಾಸಣೆಯನ್ನು ವಿಸ್ತರಿಸುವುದನ್ನು ಅಂದು ವಿರೋಧಿಸಿದರು. ಸಮಿತಿಯ ಅಧ್ಯಕ್ಷ ಪ್ಯಾಟ್ರಿಕ್ ಲೇಹಿಯವರು 1999ರ ದಾಖಲೆಯನ್ನು ತೆರೆದರು. ಕೋವಿ ಮೇಳಗಳ ಎಲ್ಲ ಮಾರಾಟಕ್ಕೂ ಕಡ್ಡಾಯ ತಪಾಸಣೆ ನ್ಯಾಯವಾದದ್ದೆಂದು ಆ ವರ್ಷ ಕಾಂಗ್ರೆಸ್ಸಿನ ಸಮಿತಿಯೊಂದರ ಮುಂದೆ ಹೇಳಿದ್ದವರು ಇದೇ ಲಾಪಿಯೆರ್. ಹದಿನಾಲ್ಕು ವರ್ಷಗಳ ಬಳಿಕ ಅವರ ಮಾತೇ ಅವರ ಮುಂದೆ ಬಂದು ನಿಂತಿತು. ತಮ್ಮ ಅಭಿಪ್ರಾಯ ಬದಲಾದುದನ್ನು ಅವರು ಎಲ್ಲರೆದುರು ಸಮರ್ಥಿಸಿಕೊಳ್ಳಬೇಕಾಯಿತು. ಅಹವಾಲಿನ ಆಯುಷ್ಯ ಮೂರು ನಿಮಿಷವಲ್ಲ. ದಾಖಲೆ ಇರುವಷ್ಟು ಕಾಲ.

2022ರ ಮೇ 24ರಂದು ಟೆಕ್ಸಸ್‌ನ ಯುವಾಲ್ಡಿ ಪಟ್ಟಣದ ಶಾಲೆಯಲ್ಲಿ 19 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಹತರಾದರು. ಕೊಂದವನಿಗೆ 18 ವರ್ಷ. ಜೂನ್ 8ರಂದು ಕಾಂಗ್ರೆಸ್ಸಿನ ಸಮಿತಿಯೊಂದು ಆ ತರಗತಿಯಲ್ಲಿ ಬದುಕುಳಿದ 11 ವರ್ಷದ ಬಾಲಕಿಯ ಹೇಳಿಕೆಯನ್ನು ಕೇಳಿತು. ಅವಳನ್ನು ಕರೆತಂದು ಕೂರಿಸಲಿಲ್ಲ. ಮೊದಲೇ ಮುದ್ರಿಸಿಕೊಂಡ ದೃಶ್ಯವನ್ನು ತೋರಿಸಲಾಯಿತು. ಗೆಳತಿಯ ರಕ್ತವನ್ನು ಮೈಗೆ ಬಳಿದುಕೊಂಡು ಸತ್ತವಳಂತೆ ಮಲಗಿದ್ದನ್ನು ಅವಳು ಹೇಳಿದಳು. ಜೂನ್ 25ರಂದು ಅಧ್ಯಕ್ಷರು ಸಹಿ ಹಾಕಿದ ಕಾನೂನು, 21 ವರ್ಷಕ್ಕಿಂತ ಕೆಳಗಿನವರು ಕೋವಿ ಕೊಳ್ಳುವಾಗ ಅವರ ಬಾಲ್ಯದ ಅಪರಾಧ ದಾಖಲೆಗಳನ್ನೂ ಪರಿಶೀಲಿಸಲು ಅವಕಾಶ ಮಾಡಿಕೊಟ್ಟಿತು. ಗಿಫರ್ಡ್ಸ್ ಬೇಡಿದ್ದಕ್ಕಿಂತ ಅದು ಬಹಳ ಕಡಿಮೆ. ಆದರೂ ಸುಮಾರು ಮೂರು ದಶಕಗಳಲ್ಲಿ ಆ ದೇಶದ ಕಾಂಗ್ರೆಸ್ಸು ಮಾಡಿದ ಮುಖ್ಯವಾದ ಕೋವಿ ಕಾನೂನು ಅದೇ. ಶಾಸಕರ ಮನಸ್ಸನ್ನು ಕರಗಿಸಲು ಹನ್ನೊಂದು ವರ್ಷದ ಮಗುವೊಂದು ಇದನ್ನೆಲ್ಲ ಮತ್ತೆ ನೆನೆದು ಹೇಳಬೇಕೇ ಎಂಬ ಪ್ರಶ್ನೆ ಹೆತ್ತವರ ಮನಸ್ಸಿನಲ್ಲಿ ಏಳುವುದು ಸಹಜ. ಅದು ಸಾಕ್ಷಿಯ ತಪ್ಪಲ್ಲ, ಕೇಳುವವರ ಹೊಣೆ.

ನಮ್ಮ ದೇಶದಲ್ಲಿ ಈ ಪದ್ಧತಿ ಇಷ್ಟು ಬೆಳೆದಿಲ್ಲ. ಒಬ್ಬನು ಹೊಂದಬಹುದಾದ ಕೋವಿಗಳ ಸಂಖ್ಯೆಯನ್ನು ಮೂರರಿಂದ ಒಂದಕ್ಕೆ ಇಳಿಸುವ ಶಸ್ತ್ರಾಸ್ತ್ರ ತಿದ್ದುಪಡಿ ಮಸೂದೆ 2019ರ ನವೆಂಬರ್ 29ರಂದು ಲೋಕಸಭೆಯಲ್ಲಿ ಮಂಡನೆಯಾಯಿತು. ಡಿಸೆಂಬರ್ 10ಕ್ಕೆ ಎರಡೂ ಸದನಗಳನ್ನು ದಾಟಿತು. ನಡುವೆ ಬಂದ ಆಕ್ಷೇಪಗಳಿಂದಾಗಿ ಒಂದು ಎಂಬುದು ಎರಡಾಯಿತು. ಆದರೆ ಆ ಹನ್ನೊಂದು ದಿನಗಳಲ್ಲಿ ಸಾಮಾನ್ಯ ಪ್ರಜೆ ಸಮಿತಿಯೊಂದರ ಮುಂದೆ ಕುಳಿತು ಹೇಳುವ ಅವಕಾಶ ಬರಲಿಲ್ಲ. ಕೇಂದ್ರದ ಕರಡು ಮಸೂದೆಗಳನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕೆಂಬ 2014ರ ನೀತಿ ಇದೆ. ಅದು ನೀತಿಯೇ ಹೊರತು ಕಾನೂನಲ್ಲ.

ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಕೇರಳದ ನಿಯಮಸಭೆಯಲ್ಲಿ 1980ರಿಂದ ವಿಷಯ ಸಮಿತಿಗಳಿವೆ. ಆಯ್ಕೆ ಸಮಿತಿಗಳು ಜಿಲ್ಲೆಗಳಿಗೆ ಬಂದು ಜನರಿಂದ ಸಾಕ್ಷ್ಯ ಪಡೆದದ್ದೂ ಉಂಟು. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ನಿಯಮ ಮೊದಲು ಬಂದದ್ದು ಅಧ್ಯಾದೇಶದ ರೂಪದಲ್ಲಿ; ಕಾಸರಗೋಡಿನ ಕನ್ನಡಿಗರು ಆಗ ಬೀದಿಗಿಳಿದರು. ಬೀದಿಯ ಹೋರಾಟಕ್ಕೆ ಅದರದೇ ಶಕ್ತಿಯಿದೆ. ಆದರೆ ಘೋಷಣೆ ಗಾಳಿಯಲ್ಲಿ ಕರಗುತ್ತದೆ, ಲಿಖಿತ ಮನವಿ ಕಡತದಲ್ಲಿ ಉಳಿಯುತ್ತದೆ. ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಪ್ರಾಧಿಕಾರಕ್ಕೆ, ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಕನ್ನಡದಲ್ಲಿ ಬರೆದ ಮನವಿಯನ್ನು ಭಾಷೆಯ ಕಾರಣಕ್ಕೆ ಹಿಂದಿರುಗಿಸುವಂತಿಲ್ಲ.

ಶಾಲೆಯ ರಕ್ಷಕ ಶಿಕ್ಷಕ ಸಂಘವೊಂದು ಇಂತಹ ಮನವಿಯನ್ನು ಬರೆಯಲು ಕುಳಿತಾಗ ಹಾರ್ಟ್‌ಫರ್ಡ್‌ನ ಮೂರು ನಿಮಿಷವನ್ನು ನೆನೆಯುವುದು ಒಳ್ಳೆಯದು. ಅನ್ಯಾಯವಾಗಿದೆ ಎಂಬ ಒಂದೇ ಮಾತನ್ನು ಹತ್ತು ಬಗೆಯಲ್ಲಿ ಬರೆದರೆ ಓದುವವನ ಕೈಗೆ ಏನೂ ಸಿಗುವುದಿಲ್ಲ. ಕನ್ನಡ ಬಾರದ ಅಧ್ಯಾಪಕರು ಯಾವ ತರಗತಿಗೆ, ಯಾವ ವಿಷಯಕ್ಕೆ, ಯಾವ ದಿನಾಂಕದಿಂದ ಬಂದರು. ಎಷ್ಟು ಮಕ್ಕಳಿಗೆ ಪಾಠ ಅರ್ಥವಾಗುತ್ತಿಲ್ಲ. ಯಾವ ಆದೇಶದ ಯಾವ ಕಲಮಿನಿಂದ ಹೀಗಾಯಿತು. ಅದನ್ನು ಹೇಗೆ ತಿದ್ದಬೇಕು ಎಂಬುದನ್ನು ಒಂದು ಪುಟದಲ್ಲಿ ಬರೆಯಬೇಕು. ಹೆಸರು, ವಿಳಾಸ, ಸಹಿ ಇರಬೇಕು. ಸಲ್ಲಿಸಿದ್ದಕ್ಕೆ ರಶೀದಿ ಪಡೆದು, ನಕಲಿನೊಡನೆ ಶಾಲೆಯ ಕಪಾಟಿನಲ್ಲಿ ಜೋಪಾನ ಮಾಡಬೇಕು. ಗೆಲುವು ಆ ವರ್ಷವೇ ಬಾರದಿರಬಹುದು. ಹದಿನಾಲ್ಕು ವರ್ಷಗಳ ಬಳಿಕ ಆ ಹಾಳೆಯನ್ನು ತೆರೆಯುವವರು ಇಂದು ಒಂದನೆಯ ತರಗತಿಯಲ್ಲಿ ಕುಳಿತಿರುವ ಮಕ್ಕಳೇ ಆಗಿರಬಹುದು.